ಬಡತನದಲ್ಲಿ ಬಾಡದ ದಾಂಪತ್ಯ: ವರಕವಿ ಬೇಂದ್ರೆಯವರ ಗೃಹಜೀವನ

ಮನೆಯಲ್ಲಿ ಮಕ್ಕಳು ಹುಟ್ಟಿದೊಡನೆ ಸತಿಪತಿಗಳು ತಾಯಿತಂದೆಗಳಾಗುತ್ತಾರೆ. ಆ ಬಳಿಕವೂ ಸತಿಪತಿಗಳಾಗಿ ಉಳಿದಿರುವರೇ ಎಂಬುದನ್ನು ವಿಚಾರಿಸುವವರು ವಿರಳ. ಅಕ್ಕಿಬೇಳೆಯ ಲೆಕ್ಕ, ಅರಿವೆಯ ಲೆಕ್ಕ, ಔಷಧದ ಲೆಕ್ಕಗಳ ನಡುವೆ ಒಬ್ಬರ ಮುಖವನ್ನೊಬ್ಬರು ನೋಡುವುದೇ ನಿಂತುಹೋದ ಮನೆಗಳು ಎಷ್ಟಿಲ್ಲ! ದಾರಿದ್ರ್ಯ ಹೊಕ್ಕ ಮನೆಯಲ್ಲಂತೂ ಒಲವೆಂಬುದೇ ದುಂದುವೆಚ್ಚದಂತೆ ತೋರುವುದು. ಹನ್ನೆರಡನೆಯ ಶತಮಾನದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬಾಳಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ಭಕ್ತರಿಗೆ ಹೊಸತಲ್ಲ. ಕೊರತೆಯ ಮನೆಯಲ್ಲಿ ಒಲವನ್ನು ಕಾಯ್ದುಕೊಳ್ಳುವ ಅದೇ ಕಷ್ಟವನ್ನು ಇಪ್ಪತ್ತನೆಯ ಶತಮಾನದ ಧಾರವಾಡದಲ್ಲಿ ಉಂಡವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು. ಅವರು ಶರಣಪರಂಪರೆಯಲ್ಲಿ ಹುಟ್ಟಿದವರಲ್ಲ. ಆದರೆ ಗೃಹಸ್ಥನಾದವನಿಗೆ ಅವರ ಬಾಳು ಪರಕೀಯವೆನಿಸದು.

ಬೇಂದ್ರೆಯವರು ಧಾರವಾಡದಲ್ಲಿ 1896ನೆಯ ಇಸವಿ ಜನವರಿ 31ರಂದು ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದರು. ಆ ತಾಯಿ ಅಂಬಿಕೆಯ ಮಗನೆಂಬ ಅಭಿಮಾನದಿಂದಲೇ ಅಂಬಿಕಾತನಯದತ್ತ ಎಂಬ ಕಾವ್ಯನಾಮವನ್ನು ಧರಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವೀಧರರಾಗಿ, ಧಾರವಾಡಕ್ಕೆ ಮರಳಿ ಶಾಲೆಯ ಮಾಸ್ತರರಾದರು. ಮರುವರ್ಷ, ಅಂದರೆ 1919ರಲ್ಲಿ, ಲಕ್ಷ್ಮೀಬಾಯಿಯವರ ಕೈಹಿಡಿದರು. ಮಾಸ್ತರರ ಸಂಬಳ ಅಲ್ಪ. ಮನೆಗೆ ಬರುವ ಗೆಳೆಯರ ಸಂಖ್ಯೆಯೋ ಅಪಾರ. 1922ರಲ್ಲಿ ಗೆಳೆಯರ ಗುಂಪು ಕಟ್ಟಿದ ಮೇಲೆ ಬೇಂದ್ರೆಯವರ ಬದುಕು ಕಾವ್ಯ, ಗೋಷ್ಠಿ, ತಿರುಗಾಟಗಳಲ್ಲಿ ತುಂಬಿಹೋಯಿತು. ಅಂಥ ಪುರುಷನ ಮನೆಯೊಲೆಯನ್ನು ಉರಿಸುವ ಭಾರ ಯಾರ ಮೇಲೆ ಬಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಪೆಟ್ಟು ಬಲವಾದುದು. 1932ರಲ್ಲಿ ಪ್ರಕಟವಾದ ಗರಿ ಸಂಕಲನದ ನರಬಲಿ ಎಂಬ ಕವಿತೆ ರಾಜದ್ರೋಹವೆಂದು ಆಂಗ್ಲ ಸರಕಾರ ಬಗೆಯಿತು. ಕವಿಗೆ ಹಿಂಡಲಗಿಯ ಸೆರೆಮನೆ ಪ್ರಾಪ್ತವಾಯಿತು; ಅನಂತರ ಮುಗದ ಗ್ರಾಮದಲ್ಲಿ ಸ್ಥಾನಬದ್ಧತೆ. ಇದ್ದ ಉದ್ಯೋಗವೂ ಹೋಯಿತು. ಗಂಡ ಸೆರೆಯಲ್ಲಿ, ಮನೆಯಲ್ಲಿ ಮಕ್ಕಳು, ಮುಂದೆ ವರ್ಷಗಳ ನಿರುದ್ಯೋಗ. ದೇಶಕ್ಕಾಗಿ ಕವಿ ಪಟ್ಟ ಪಾಡನ್ನು ಚರಿತ್ರೆ ಬರೆದಿಟ್ಟಿದೆ. ಆ ದಿನಗಳಲ್ಲಿ ಲಕ್ಷ್ಮೀಬಾಯಿಯವರು ಮನೆಯನ್ನು ನಡೆಯಿಸಿದ ಬಗೆಯನ್ನು ಅಷ್ಟು ಆಸ್ಥೆಯಿಂದ ಬರೆದಿಟ್ಟವರಿಲ್ಲ.

ದಾರಿದ್ರ್ಯಕ್ಕಿಂತ ದಾರುಣವಾದುದು ಪುತ್ರಶೋಕ. ಈ ದಂಪತಿಗಳು ಒಂದಲ್ಲ, ಹಲವು ಮಕ್ಕಳನ್ನು ಮಣ್ಣಿಗೊಪ್ಪಿಸಿದರು. ಇಂಥ ಶೋಕ ಸತಿಪತಿಗಳನ್ನು ಹತ್ತಿರಕ್ಕೆ ತರುವುದೆಂದು ಲೋಕ ಭಾವಿಸುತ್ತದೆ. ವಾಸ್ತವದಲ್ಲಿ ಎಷ್ಟೋ ಸಲ ಅದು ಇಬ್ಬರ ನಡುವೆ ಗೋಡೆಯಾಗಿ ನಿಲ್ಲುತ್ತದೆ. ತಾಯಿ ಮೂಕಳಾಗುತ್ತಾಳೆ, ತಂದೆ ಮನೆಗೆ ಬರಲು ಅಂಜುತ್ತಾನೆ. ಆ ಗೋಡೆ ಬೇಂದ್ರೆಯವರ ಮನೆಯಲ್ಲಿಯೂ ಏಳತೊಡಗಿತ್ತೆಂಬುದಕ್ಕೆ ಅವರ ಕವಿತೆಗಳೇ ಸಾಕ್ಷಿ. ಮಗು ಕೈಬಿಟ್ಟು ಹೋಗುವ ಗಳಿಗೆಯಲ್ಲಿ ಹೆಂಡತಿಯ ದೃಷ್ಟಿಯನ್ನು ಎದುರಿಸಲಾರದ ಗಂಡನೊಬ್ಬ, ತನ್ನನ್ನು ಹಾಗೆ ನೋಡಬೇಡವೆಂದು ಅಂಗಲಾಚುವ ಹಾಡನ್ನು ಕನ್ನಡಿಗರೆಲ್ಲ ಬಲ್ಲರು. ಆ ಹಾಡಿನಲ್ಲಿ ಮಗುವಿಗಿಂತ ಹೆಂಡತಿಯ ಮುಖವೇ ಹೆಚ್ಚಾಗಿ ತುಂಬಿದೆ. ಆಕೆಯ ಕಣ್ಣು, ತುಟಿ, ತಡೆದಿಟ್ಟ ಅಳು, ಯಾವುದನ್ನೂ ಆತ ಕಾಣದೆ ಬಿಟ್ಟಿಲ್ಲ. ದುಃಖವನ್ನು ನಗೆಯಿಂದ ಮರೆಮಾಡದೆ ಅತ್ತುಬಿಡೆಂದು ಆತ ಬೇಡುತ್ತಾನೆ. ವಿಚಿತ್ರವೆಂದರೆ, ನನ ಕೈಯ ಹಿಡಿದಾಕೆ ಎಂಬ ಇನ್ನೊಂದು ಹಾಡಿನಲ್ಲಿ ಅದೇ ಕವಿ, ಅಳುವನ್ನು ನುಂಗಿ ಒಮ್ಮೆ ನಗು, ಆಗ ತಾನೂ ನಗುವೆನೆಂದು ಹೆಂಡತಿಗೆ ಹೇಳುತ್ತಾನೆ. ಇದನ್ನು ವಿರೋಧವೆಂದು ಎಣಿಸುವವರು ಸಂಸಾರವನ್ನು ಅರಿತವರಲ್ಲ. ಒಂದು ದಿನ ನಗು ಬೇಕು, ಮತ್ತೊಂದು ದಿನ ಅಳು ಬೇಕು. ಯಾವ ದಿನ ಯಾವುದು ಬೇಕೆಂಬುದು ಮುಖವನ್ನು ನೋಡುವವನಿಗೆ ಮಾತ್ರ ತಿಳಿಯುತ್ತದೆ. ನೋಡುವುದಕ್ಕೆ ಹಣ ಬೇಡ.

ಮದುವೆಯಾಗಿ ಹದಿನೆಂಟು ವರ್ಷಗಳಾದ ಬಳಿಕ, 1937ರಲ್ಲಿ, ಅವರ ಸಖೀಗೀತ ಹೊರಬಂದಿತು. ತಮ್ಮದೇ ದಾಂಪತ್ಯದ ಸುಖದುಃಖಗಳನ್ನು ಹೆಂಡತಿಯ ಮುಂದೆಯೇ ತೋಡಿಕೊಂಡ ದೀರ್ಘಕಾವ್ಯವದು. ಹರೆಯದಲ್ಲಿ ಪ್ರೇಯಸಿಯನ್ನು ಹಾಡಿದ ಕವಿಗಳು ಬಹುಮಂದಿ. ಬಡತನದಲ್ಲಿ ಬಳಲಿದ, ಮಕ್ಕಳನ್ನು ಹೆತ್ತು ಕಳೆದುಕೊಂಡ ಗೃಹಿಣಿಯನ್ನು ಸಖಿಯೆಂದು ಕರೆದವರು ಎಷ್ಟು ಮಂದಿ? ಆ ಒಂದು ಸಂಬೋಧನೆ ಯಾವ ಪಟ್ಟೆಯ ಸೀರೆಗೂ ಕಡಿಮೆಯದಲ್ಲ. ಹಾಗೆಂದು ಪಟ್ಟೆಯ ಸೀರೆ ಬೇಡವಾಗಿತ್ತೆಂದು ಹೇಳುವುದೂ ಸಲ್ಲದು. ಬಡತನವನ್ನು ಹೊಗಳುವ ಕೆಲಸ ಅದನ್ನು ಅನುಭವಿಸದವರದು.

ನಾನು ಬಡವಿ ಎಂಬ ಕವಿತೆಯಲ್ಲಿ ಬೇಂದ್ರೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ನುಡಿಯುವವಳು ಹೆಂಡತಿ. ಗಂಡನೂ ಬಡವನೇ, ತಾನೂ ಬಡವಿಯೇ. ಇರುವ ಒಂದೇ ಸೊತ್ತಾದ ಒಲವನ್ನೇ ಎಲ್ಲ ಕೊರತೆಗೂ ಬಳಸಿಕೊಂಡೆವೆಂದು ಆಕೆ ಹೇಳುತ್ತಾಳೆ. ಅಪ್ಪುಗೆಯೇ ಅವಳ ತೋಳಿನ ಒಡವೆ. ಮಾತು ಹೆಣ್ಣಿನದಾದರೂ ಲೇಖನಿ ಗಂಡನದು ಎಂಬುದನ್ನು ಮರೆಯಲಾಗದು. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿದ್ದಿದ ಲಕ್ಕಮ್ಮನ ವಚನಗಳು ಅವಳ ಹೆಸರಿನಲ್ಲಿಯೇ ನಮ್ಮ ಕೈಸೇರಿವೆ. ಲಕ್ಷ್ಮೀಬಾಯಿಯವರನ್ನು ಲೋಕ ಅರಿತಿರುವುದು ಪತಿಯ ಪದ್ಯಗಳ ಮೂಲಕವೇ. ತಮ್ಮ ಮನೆಯ ಲೆಕ್ಕವನ್ನು ಅವರೇ ಬರೆದಿದ್ದರೆ ಅದು ಹೇಗಿರುತ್ತಿತ್ತೋ!

1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕವೃತ್ತಿ ದೊರೆತ ಮೇಲೆ ಮನೆಗೆ ಆದಾಯ ನೆಲೆಗೊಂಡಿತು. ಅಲ್ಲಿ 1956ರವರೆಗೆ ಇದ್ದು, ಬಳಿಕ ಧಾರವಾಡದ ಸಾಧನಕೇರಿಗೆ ಮರಳಿದರು. ಅರಳು ಮರಳು ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ನಾಕುತಂತಿಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದವು. ಕೀರ್ತಿ ಹೀಗೆ ತಡವಾಗಿ ಬಂದಿತು. ಒಲವಿನ ಹಾಡುಗಳು ಮಾತ್ರ ಏನೂ ಇಲ್ಲದ ದಿನಗಳಲ್ಲಿಯೇ ಹುಟ್ಟಿಬಿಟ್ಟಿದ್ದವು. 1981ನೆಯ ಇಸವಿ ಅಕ್ಟೋಬರ್ 26ರಂದು, ದೀಪಾವಳಿಯ ದಿನಗಳಲ್ಲಿ, ಬೇಂದ್ರೆಯವರು ಮುಂಬಯಿಯಲ್ಲಿ ಕಣ್ಮುಚ್ಚಿದರು.