ಮುಟ್ಟಿನ ನೋವು ಮದುವೆಯಾದರೆ ಹೋಗುತ್ತದೆಯೇ? ಡಾ. ಸ್ಯಾಂಪ್ಸನ್ ಕಂಡದ್ದೇನು?

ಮದುವೆಯಾಗಿ ಒಂದು ಮಗುವಾದರೆ ಮುಟ್ಟಿನ ಹೊಟ್ಟೆನೋವು ತಾನಾಗಿಯೇ ಹೋಗುತ್ತದೆ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಪಂಪ್‌ವೆಲ್‌ನ ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳೂ ನೋವಿನ ಮಾತ್ರೆ ಕೊಳ್ಳುವ ಹುಡುಗಿಗೂ ಮನೆಯಲ್ಲಿ ಸಿಗುವ ಸಮಾಧಾನ ಇದೇ. ಈ ಮಾತು ಎಷ್ಟು ನಿಜ ಎಂದು ತಿಳಿಯಲು ನೂರು ವರ್ಷ ಹಿಂದಿನ ಒಬ್ಬ ಅಮೆರಿಕನ್ ವೈದ್ಯರ ಬದುಕನ್ನು ನೋಡಬೇಕು.

ಜಾನ್ ಸ್ಯಾಂಪ್ಸನ್ ಹುಟ್ಟಿದ್ದು 1873ರಲ್ಲಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಬಳಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1899ರಲ್ಲಿ ವೈದ್ಯ ಪದವಿ ಪಡೆದು, ಅಲ್ಲೇ ಸ್ತ್ರೀರೋಗ ಶಸ್ತ್ರಚಿಕಿತ್ಸೆ ಕಲಿತರು. 1905ರಲ್ಲಿ ಆಲ್ಬನಿ ನಗರಕ್ಕೆ ಬಂದು ಅಲ್ಲಿಯೇ ನೆಲೆ ನಿಂತರು.

ಕೆಲವು ಹೆಂಗಸರ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ, ಕರಗಿದ ಚಾಕೊಲೇಟಿನಂತೆ ಕಾಣುವ ಗಂಟುಗಳಿರುತ್ತಿದ್ದವು. ಇಂಥವನ್ನು ಬೇರೆ ವೈದ್ಯರೂ ನೋಡಿದ್ದರು. ಸ್ಯಾಂಪ್ಸನ್ ಮಾಡಿದ ಜಾಣತನವೆಂದರೆ, ಕೆಲವರಿಗೆ ಮುಟ್ಟಿನ ದಿನಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಿದ್ದು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಈ ಗಂಟುಗಳಲ್ಲಿಯೂ ಇದೆ, ಮುಟ್ಟಿನ ಹೊತ್ತಿಗೆ ಅದೂ ರಕ್ತ ಸುರಿಸುತ್ತದೆ ಎಂಬುದು ಅವರ ಗಮನಕ್ಕೆ ಬಂತು. 1921ರಲ್ಲಿ ಇದನ್ನು ಪ್ರಕಟಿಸಿದರು. ಎಂಡೊಮೆಟ್ರಿಯೋಸಿಸ್ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಇಂದಿಗೂ ಸ್ಕ್ಯಾನ್ ನೋಡಿದ ಡಾಕ್ಟರು ಚಾಕೊಲೇಟ್ ಸಿಸ್ಟ್ ಎನ್ನುವುದು ಇದನ್ನೇ.

ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೂ ಹರಿದು, ಗರ್ಭನಾಳದ ಮೂಲಕ ಹೊಟ್ಟೆಯೊಳಗೆ ಬಿದ್ದು, ಅದರಲ್ಲಿನ ಅಂಗಾಂಶ ಅಲ್ಲಿ ಬೇರೂರುತ್ತದೆ ಎಂದು ಅವರು 1927ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಸ್ಯಾಂಪ್ಸನ್ 1946ರಲ್ಲಿ ತೀರಿಕೊಂಡರು. ಹಿಂದಕ್ಕೆ ಹರಿಯುವುದು ನಿಜವೆಂದು ಆಮೇಲೆ ಖಚಿತವಾಯಿತು, ಆದರೆ ಅದರಿಂದಲೇ ಹೊಸ ತೊಡಕೂ ಹುಟ್ಟಿತು. ಗರ್ಭನಾಳ ತೆರೆದಿರುವ ಹೆಂಗಸರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಹೀಗಾಗುತ್ತದೆ ಎಂದು 1984ರ ಅಧ್ಯಯನ ತೋರಿಸಿತು. ಕಾಯಿಲೆ ಬರುವುದು ಮಾತ್ರ ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದವರಿಗೆ ಏಕಿಲ್ಲ?

ಉತ್ತರದ ಒಂದು ಭಾಗ ಉರಿಯೂತದಲ್ಲಿದೆ. ಗಾಯವಾದಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದೇ. ದಾರಿ ತಪ್ಪಿ ಬಂದ ಅಂಗಾಂಶವನ್ನು ಗುಡಿಸಿ ಹಾಕಬೇಕಾದ ರಕ್ಷಕ ಕಣಗಳು ಈ ಕಾಯಿಲೆಯಲ್ಲಿ ಆ ಕೆಲಸ ಸರಿಯಾಗಿ ಮಾಡುವುದಿಲ್ಲ. ಬದಲಿಗೆ ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಎಂಬ ಸಂದೇಶ ಅಣುಗಳನ್ನು ಬಿಡುತ್ತಲೇ ಇರುತ್ತವೆ. ಇವು ಒಂದು ಬಗೆಯ ಫಾರ್ವರ್ಡ್‌ಗಳೇ ಅನ್ನಿ: ಒಂದು ಕಣ ಕಳಿಸಿದ್ದನ್ನು ಇನ್ನೊಂದು ಹಂಚುತ್ತದೆ. ಹೊಸ ರಕ್ತನಾಳ, ಹೊಸ ನರದ ಎಳೆಗಳು ಅಲ್ಲಿಗೆ ಬೆಳೆಯುತ್ತವೆ. ಪ್ರೊಸ್ಟಗ್ಲಾಂಡಿನ್ ಎಂಬ ಅಣು ನೋವು ಹೆಚ್ಚಿಸುವುದಲ್ಲದೆ, ಆ ಗಂಟಿನೊಳಗೇ ಈಸ್ಟ್ರೋಜನ್ ತಯಾರಾಗುವಂತೆ ಮಾಡುತ್ತದೆ. ಈಸ್ಟ್ರೋಜನ್ ಮತ್ತೆ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸುತ್ತದೆ. ಗಾಣದೆತ್ತಿನ ಸುತ್ತು.

ಮೆಡಿಕಲ್ ಶಾಪಿನ ಮೆಫೆನಮಿಕ್ ಆಸಿಡ್ ಮಾತ್ರೆ ತಡೆಯುವುದು ಈ ಪ್ರೊಸ್ಟಗ್ಲಾಂಡಿನ್ ಅನ್ನೇ. ಅದರಿಂದ ನೋವು ತಗ್ಗುತ್ತದೆ, ಗಂಟು ಹೋಗುವುದಿಲ್ಲ. ಮದುವೆಗಂತೂ ಈ ಅಣುಗಳ ಮೇಲೆ ಯಾವ ಪರಿಣಾಮವೂ ಇಲ್ಲ. ಬಸುರಿಯಾದಾಗ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ಆರಾಮ ಅನಿಸಬಹುದು, ಆಮೇಲೆ ನೋವು ಮರಳಬಹುದು. ಇನ್ನೊಂದು ಮಾತನ್ನು ಈ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ: ಇದೇ ಕಾಯಿಲೆ ಕೆಲವರಿಗೆ ಮಗುವಾಗುವುದನ್ನೂ ಕಷ್ಟ ಮಾಡುತ್ತದೆ.

ಕಾಲೇಜು ತಪ್ಪಿಸುವಷ್ಟು, ಕೆಲಸಕ್ಕೆ ರಜೆ ಹಾಕುವಷ್ಟು ನೋವಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಸ್ಕ್ಯಾನ್ ನಾರ್ಮಲ್ ಬಂದರೂ ನೋವು ಹಾಗೇ ಇದ್ದರೆ ಮತ್ತೆ ಹೇಳಿ, ಸಣ್ಣ ಗಂಟುಗಳು ಸ್ಕ್ಯಾನಿನಲ್ಲಿ ಕಾಣದಿರುವುದುಂಟು. ಈ ಕಾಯಿಲೆ ಪತ್ತೆಯಾಗಲು ಎಷ್ಟೋ ಮಂದಿಗೆ ಹಲವು ವರ್ಷ ಹಿಡಿಯುತ್ತದೆ. ಪಂಪ್‌ವೆಲ್ ಫ್ಲೈಓವರಿಗೆ ಹತ್ತು ವರ್ಷ ಕಾದ ನಮಗೆ ಕಾಯುವುದು ಹೊಸದಲ್ಲ, ಆದರೆ ಇದಕ್ಕೆ ಕಾಯಬೇಕಾಗಿಲ್ಲ.