ಕಾರಂಜಿಗಳ ದಿವಾನರು

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಶಾಲಾ ಪ್ರವಾಸದಲ್ಲಿ ನೋಡದೆ ಬೆಳೆದವರು ಹಳೇ ಮೈಸೂರಿನ ನನ್ನ ತಲೆಮಾರಿನಲ್ಲಿ ವಿರಳ. ಕತ್ತಲಾಗುತ್ತಿದ್ದಂತೆ ದೀಪಗಳು ಹೊತ್ತಿಕೊಂಡು ಚಿಮ್ಮುವ ನೀರು ಬಣ್ಣ ತಳೆದಾಗ ಮಕ್ಕಳ ಬಾಯಿಂದ ಒಟ್ಟಿಗೆ ಹೊರಡುತ್ತಿದ್ದ ಉದ್ಗಾರ ಇನ್ನೂ ಕಿವಿಯಲ್ಲಿದೆ. ಅಣೆಕಟ್ಟೆ ಎಂದೊಡನೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ನಾಲಗೆಗೆ ಬರುತ್ತದೆ. ಅದು ಸಹಜ, ನ್ಯಾಯವೂ ಹೌದು. ಆದರೆ ಆ ಕಾರಂಜಿಗಳನ್ನು ಅಲ್ಲಿಗೆ ತಂದವರು ಯಾರೆಂದು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. 1926ರಿಂದ 1941ರವರೆಗೆ, 15 ವರ್ಷಗಳ ಕಾಲ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ನಾವು ಒಂದೆರಡು ರಸ್ತೆ, ಬಡಾವಣೆಗಳ ಹೆಸರಿಗೆ ಇಳಿಸಿಬಿಟ್ಟಿದ್ದೇವೆ.

ಅವರ ಅಜ್ಜ ಆಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಹೊರಟು 19ನೇ ಶತಮಾನದ ಆರಂಭದ ದಶಕಗಳಲ್ಲಿ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ದಂಡು ಪ್ರದೇಶದ ಆಲಿ ಅಸ್ಕರ್ ರಸ್ತೆಗೆ ಆ ಹೆಸರು ಬಂದದ್ದು ಅವರಿಂದಲೇ. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. 1883ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿರ್ಜಾ, ತಮಗಿಂತ ಕೆಲವೇ ತಿಂಗಳು ಕಿರಿಯರಾದ ಮಹಾರಾಜ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಮೈಸೂರಿನಲ್ಲಿ ಕಲಿತರು. ಮುಂದೆ ಸೆಂಟ್ರಲ್ ಕಾಲೇಜಿನ ಪದವಿ ಪಡೆದು, 1905ರಲ್ಲಿ ಪೊಲೀಸ್ ಇಲಾಖೆಯ ಸಹಾಯಕ ಸೂಪರಿಂಟೆಂಡೆಂಟ್ ಹುದ್ದೆಯಿಂದ ಸರ್ಕಾರಿ ಸೇವೆ ಆರಂಭಿಸಿದರು. ಅರಮನೆಗೆ ಹಿಂತಿರುಗಿ ಮಹಾರಾಜರ ಆಪ್ತ ಕಾರ್ಯದರ್ಶಿಯಾದದ್ದು, 42ರ ಹರೆಯದಲ್ಲಿ ದಿವಾನರಾದದ್ದು ಅನಂತರದ ಮಾತು. ಬಾಲ್ಯದ ಗೆಳೆತನ ಅವರನ್ನು ಮೇಲಕ್ಕೆ ತಂದಿತು ಎನ್ನುವವರು ಆಗಲೂ ಇದ್ದರು. ಇರಬಹುದು. ಆದರೆ 15 ವರ್ಷ ಆ ಕುರ್ಚಿಯಲ್ಲಿ ಉಳಿಯಲು ಗೆಳೆತನವೊಂದೇ ಸಾಲದು.

ಆಡಳಿತ ಸೇವೆಯಲ್ಲಿದ್ದವರಿಗೆ ಅವರ ಬಗ್ಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರ ಬೆಳಗಿನ ಸುತ್ತಾಟ. ದಿವಾನರು ಮುಂಜಾನೆ ಕುದುರೆಯೇರಿ ನಗರದ ಬೀದಿಗಳಲ್ಲಿ ಹೊರಡುತ್ತಿದ್ದರು. ಕಂಡದ್ದೆಲ್ಲ ಕಚೇರಿಗೆ ಬಂದೊಡನೆ ಟಿಪ್ಪಣಿಯಾಗಿ ಸಂಬಂಧಪಟ್ಟ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಉರಿಯದ ಬೀದಿದೀಪ, ಕಟ್ಟಿಕೊಂಡ ಚರಂಡಿ, ಒಣಗಿದ ಸಾಲುಮರ, ನಿಂತುಹೋದ ಕಾರಂಜಿ ಇವೆಲ್ಲ ಸಂಸ್ಥಾನದ ಪ್ರಧಾನ ಆಡಳಿತಗಾರನ ಗಮನಕ್ಕೆ ತಕ್ಕ ವಿಷಯಗಳೆಂದು ಅವರು ನಂಬಿದ್ದರು. ಬೆಂಗಳೂರು, ಮೈಸೂರು ನಗರಗಳ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ನೀರು ಚಿಮ್ಮಬೇಕೆಂಬುದು ಅವರ ಹಟ. ಇದು ಅವರ ಪರ್ಷಿಯನ್ ರಕ್ತದ ಗುಣ ಎಂದು ಕೆಲವರು ಬರೆದಿದ್ದಾರೆ. ನನಗೆ ಇಂಥ ವಿವರಣೆಗಳಲ್ಲಿ ನಂಬಿಕೆ ಕಡಿಮೆ. ಕಾರಂಜಿ ನಮಗೇನೂ ಹೊರಗಿನದಲ್ಲ. ಮೈಸೂರಿನ ಕಾರಂಜಿ ಕೆರೆ, ಬಸವನಗುಡಿಯ ಕಾರಂಜಿ ಆಂಜನೇಯ ಇವು ಮಿರ್ಜಾರಿಗಾಗಿ ಇಟ್ಟ ಹೆಸರುಗಳಲ್ಲ.

ಬೃಂದಾವನದ ಕಥೆ ಎಲ್ಲರಿಗೂ ತಿಳಿದಿರಬೇಕಾದದ್ದು. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಗಿ ಎರಡು ದಶಕ ನಡೆಯಿತು. ದೊಡ್ಡ ಕಾಮಗಾರಿ ಮುಗಿದ ಸ್ಥಳ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು: ಕಲ್ಲುಗುಡ್ಡೆ, ಕೆದಕಿದ ಮಣ್ಣು, ಗುತ್ತಿಗೆದಾರರು ಬಿಟ್ಟುಹೋದ ಶೆಡ್ಡುಗಳು. ಅಂಥ ಕಡೆ ತೋಟ ಮಾಡಬೇಕೆಂದು ಮಿರ್ಜಾ ಎಣಿಸಿದರು. ಮಾದರಿ ಕಾಶ್ಮೀರದ ಶಾಲಿಮಾರ್. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಅವರ ನೆರವಿತ್ತು. 1927ರಲ್ಲಿ ಆರಂಭವಾದ ಕೆಲಸ 1932ರ ಹೊತ್ತಿಗೆ ಒಂದು ರೂಪಕ್ಕೆ ಬಂತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸುಮಾರು 60 ಎಕರೆಯ ಆ ತೋಟಕ್ಕೆ ಮೊದಲಿದ್ದ ಹೆಸರು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್. ಎತ್ತರದಲ್ಲಿ ನಿಂತ ನೀರಿಗೆ ಕೆಳಗೆ ಚಿಮ್ಮುವ ಬಲ ತಾನಾಗಿಯೇ ಇರುತ್ತದೆ. ಮೊಗಲರ ತೋಟಗಾರರು ಬೆಟ್ಟದ ಇಳಿಜಾರನ್ನು ಬಳಸಿದ್ದು ಇದೇ ಕಾರಣಕ್ಕೆ. ಅಣೆಕಟ್ಟೆಯ ಬುಡಕ್ಕಿಂತ ಉತ್ತಮ ಜಾಗ ಕಾರಂಜಿಗೆ ದೊರಕುವುದು ಕಷ್ಟ. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಹರಿಯುತ್ತಿದ್ದುದರಿಂದ ದೀಪಕ್ಕೂ ಕೊರತೆಯಿರಲಿಲ್ಲ.

ಖರ್ಚಿನ ಪ್ರಶ್ನೆ ಆಗಲೇ ಎದ್ದಿತ್ತು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಕೃಷಿ ಉತ್ಪನ್ನಗಳ ಬೆಲೆ ಕುಸಿದು ರೈತರು ಕಂದಾಯ ಕಟ್ಟಲು ಹೆಣಗುತ್ತಿದ್ದಾಗ ದಿವಾನರಿಗೆ ಕಾರಂಜಿಯ ಚಿಂತೆಯೇ ಎಂದು ಟೀಕಾಕಾರರು ಕೇಳಿದರು. ಅರ್ಥಶಾಸ್ತ್ರ ಓದಿದವನಾಗಿ ನಾನು ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಆದರೆ ಅದೇ ವರ್ಷಗಳ ಉಳಿದ ಪುಟಗಳನ್ನೂ ತಿರುವಬೇಕು. ಈಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯಲ್ಪಡುವ ಇರ್ವಿನ್ ನಾಲೆ ಮಂಡ್ಯದ ಬಯಲಿಗೆ ನೀರು ತಂದದ್ದು, 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು, ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುದ್ದೀಪದ ಕಾರ್ಖಾನೆಗಳು, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದದ್ದು ಇದೇ ದಿವಾನಗಿರಿಯಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆಗೆ ಬೆಂಗಳೂರಿನಲ್ಲಿ ನೆಲೆ ದೊರೆತದ್ದರಲ್ಲೂ ಅವರ ಪಾತ್ರ ದೊಡ್ಡದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಹೆಸರಘಟ್ಟದ ನೀರು ಸಾಲದೆ ಬಾಯಾರಿದ್ದ ಬೆಂಗಳೂರಿಗೆ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಸಿದ್ಧವಾಯಿತು. ಹಿಂದಿನವರು ಹಾಕಿದ್ದ ಯೋಜನೆ ಅವರ ಕಾಲದಲ್ಲಿ ಪೂರ್ಣಗೊಂಡಿತು. ಮನೆಯ ನಲ್ಲಿಗೆ ನೀರಿಲ್ಲದ ಊರಿನ ವೃತ್ತದಲ್ಲಿ ಕಾರಂಜಿ ಚಿಮ್ಮಿದರೆ ಅದು ಅಣಕ. ಮಿರ್ಜಾರ ಕಾರಂಜಿಗಳು ಆ ಅಣಕದಿಂದ ಪಾರಾದದ್ದು ಈ ಜಲಾಶಯದಿಂದ.

ಇನ್ನೊಂದು ಮಾತು. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಕಲ್ಪನೆಯಿದೆ. ಒಬ್ಬರು ಅನುಭವಿಸಿದರೆ ಇನ್ನೊಬ್ಬರ ಪಾಲು ಕಡಿಮೆಯಾಗದ ವಸ್ತು. ವೃತ್ತದ ಕಾರಂಜಿಗಿಂತ ಸುಲಭವಾದ ಉದಾಹರಣೆ ನನಗೆ ತೋಚದು. ಟಿಕೆಟ್ಟಿಲ್ಲ, ಬಾಗಿಲಿಲ್ಲ, ಅರಮನೆಯ ಅಂಗಳದಲ್ಲಿ ಉಳ್ಳವರು ಸವಿಯುತ್ತಿದ್ದುದನ್ನು ಜಟಕಾ ಹೊಡೆಯುವವನೂ ದಾರಿಯಲ್ಲಿ ನಿಂತು ನೋಡಬಹುದು. ಬಿಸಿಲಲ್ಲಿ ಅದರ ಬಳಿ ನಿಂತವರಿಗೆ ಗಾಳಿ ತುಸು ತಂಪಾಗಿ ತಾಗುತ್ತದೆ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. 90ರ ದಶಕದಲ್ಲಿ ನಾನಿದ್ದ ಒಂದು ಜಿಲ್ಲಾ ಕೇಂದ್ರದಲ್ಲಿ ಗಣ್ಯರೊಬ್ಬರ ಭೇಟಿಯ ನೆಪದಲ್ಲಿ ಮುಖ್ಯ ವೃತ್ತದಲ್ಲಿ ಕಾರಂಜಿಯೊಂದು ತಲೆಯೆತ್ತಿತು. ಉದ್ಘಾಟನೆಯ ಸಂಜೆ ಊರಿಗೆ ಊರೇ ನೆರೆದಿತ್ತು. ನಾಲ್ಕನೆಯ ತಿಂಗಳಿಗೆ ಪಂಪು ಸುಟ್ಟಿತು. ಕಟ್ಟಲು ಬಂಡವಾಳ ಲೆಕ್ಕದಲ್ಲಿ ಹಣವಿತ್ತು. ವಿದ್ಯುತ್ ಬಿಲ್ಲಿಗೆ, ದುರಸ್ತಿಗೆ, ತೊಟ್ಟಿ ತೊಳೆಯುವ ಆಳಿಗೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಬಿಡಿಗಾಸಿರಲಿಲ್ಲ. ಕಡತ ಎರಡು ಇಲಾಖೆಗಳ ನಡುವೆ ಒಂದೂವರೆ ವರ್ಷ ತಿರುಗಿತು. ನನ್ನ ಮೇಜಿಗೂ ಎರಡು ಬಾರಿ ಬಂತು, ಎರಡು ಬಾರಿಯೂ ಅಭಿಪ್ರಾಯಕ್ಕಾಗಿ ಮಂಡಿಸುವುದು ಎಂದು ಬರೆದು ಮುಂದೆ ಕಳುಹಿಸಿದೆ. ಕಚೇರಿಯಿಂದ ಆ ವೃತ್ತಕ್ಕೆ ಹತ್ತು ನಿಮಿಷದ ನಡಿಗೆ. ಒಮ್ಮೆಯೂ ಹೋಗಿ ನೋಡಲಿಲ್ಲ. ತೊಟ್ಟಿಯಲ್ಲಿ ಮಳೆನೀರು ನಿಂತು ಸೊಳ್ಳೆ ಹೆಚ್ಚಿತೆಂದು ಸಾರ್ವಜನಿಕರಿಂದ ಅರ್ಜಿ ಬಂದ ಮೇಲೆ ಅದಕ್ಕೆ ಮಣ್ಣು ತುಂಬಲಾಯಿತು. ಮಿರ್ಜಾರ ಬೆಳಗಿನ ಕುದುರೆ ಸವಾರಿಯ ಬಗ್ಗೆ ಓದುವಾಗಲೆಲ್ಲ ಆ ಕಡತ ನೆನಪಾಗುತ್ತದೆ.

ಇಷ್ಟು ಮೆಚ್ಚಿದ ಮೇಲೆ ಮೆಚ್ಚಲಾಗದ್ದನ್ನೂ ಹೇಳಬೇಕು. ನಗರದ ಪ್ರತಿಯೊಂದು ದೀಪಕಂಬವನ್ನು ಕಂಡ ಕಣ್ಣು, ಜನ ಕೇಳುತ್ತಿದ್ದ ಜವಾಬ್ದಾರಿ ಸರ್ಕಾರದ ಬೇಡಿಕೆಯ ಆಳವನ್ನು ಕಾಣಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿ ಮೂರ್ತಿಯ ಕಾರಣದಿಂದ ಎದ್ದ ಗಲಭೆ ಅವರನ್ನು ಮುಸ್ಲಿಂ ದಿವಾನ ಎಂಬ ಕಟಕಟೆಯಲ್ಲಿ ನಿಲ್ಲಿಸಿತ್ತು. ಅದು ಬಹುಮಟ್ಟಿಗೆ ಅನ್ಯಾಯದ ಆರೋಪವೆಂದೇ ನನ್ನ ಎಣಿಕೆ. 1938ರದ್ದು ಹಾಗಲ್ಲ. ಆ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಿದರು. 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇದ್ದ ಅಂತರ ಕೊನೆಯವರೆಗೂ ಕೂಡಿಬರಲಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿ, ಮಿರ್ಜಾ-ಪಟೇಲ್ ಒಪ್ಪಂದವೆಂದು ಹೆಸರಾದ ತೀರ್ಮಾನದಂತೆ ಸಂಸ್ಥಾನದ ಬಾವುಟದೊಡನೆ ಕಾಂಗ್ರೆಸ್ ಬಾವುಟಕ್ಕೂ ಸ್ಥಾನ ದೊರೆಯಿತು. ಮೊದಲೇ ಕೊಡಬಹುದಾಗಿದ್ದನ್ನು ರಕ್ತ ಹರಿದ ಮೇಲೆ ಕೊಟ್ಟಂತಾಯಿತು. ಒಳ್ಳೆಯ ಆಡಳಿತ ಕೊಟ್ಟರೆ ಸಾಕು, ಅಧಿಕಾರದಲ್ಲಿ ಪಾಲು ಏಕೆ ಎಂಬ ಭಾವನೆ ಸಮರ್ಥ ಅಧಿಕಾರಿಗಳನ್ನು ಬೇಗ ಹಿಡಿಯುತ್ತದೆ. ನಮ್ಮ ಸೇವೆಯಲ್ಲೂ ಅಂಥವರನ್ನು ಕಂಡಿದ್ದೇನೆ.

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರೊಡನೆ ಹೊಂದಿಕೆಯಾಗದೆ ಮಿರ್ಜಾ ಮರುವರ್ಷ ರಾಜೀನಾಮೆ ಕೊಟ್ಟರು. 1942ರಲ್ಲಿ ಜೈಪುರ ಅವರನ್ನು ಪ್ರಧಾನಮಂತ್ರಿಯಾಗಿ ಕರೆಸಿಕೊಂಡಿತು. ಅಲ್ಲಿಯೂ ರಸ್ತೆ ಅಗಲವಾಯಿತು, ಕೋಟೆಯಾಚೆಗೆ ಊರು ಬೆಳೆಯಲು ದಾರಿಯಾಯಿತು. 1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದೊಡನೆ ರಾಜಿಯ ದಾರಿ ಹಿಡಿಯಬೇಕೆಂಬ ಅವರ ಸಲಹೆ ನಿಜಾಮರ ಸುತ್ತಲಿದ್ದವರಿಗೆ ರುಚಿಸದೆ ವರ್ಷ ತುಂಬುವ ಮೊದಲೇ ಹೊರಬಂದರು. ಅನಂತರ ಕೆಲಕಾಲ ವಿಶ್ವಸಂಸ್ಥೆಯ ಪರವಾಗಿ ಇಂಡೊನೇಷ್ಯಾದಲ್ಲಿದ್ದರು. 1954ರಲ್ಲಿ ಆತ್ಮಕಥೆ ಪ್ರಕಟವಾಯಿತು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಜೈಪುರದಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಊರಿನ ದೊಡ್ಡ ಅಂಗಡಿ ಬೀದಿ. ಆದರೆ ಎಂ.ಐ. ರೋಡ್ ಎಂಬ ಚುಟುಕು ಹೆಸರೇ ಬಳಕೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ಆಟೋ ಚಾಲಕನನ್ನು ಆ ಎರಡು ಅಕ್ಷರಗಳ ಅರ್ಥ ಕೇಳಿದೆ. ಯಾರೋ ದೊಡ್ಡ ಇಂಜಿನಿಯರ್ ಇದ್ದಿರಬೇಕು ಎಂದ.