ಜಲವಿದ್ಯಾಕೋವಿದ ಸರ್ ಆರ್ಥರ್ ಕಾಟನ್ನರ ಚರಿತ್ರೆ

ಲೋಕದಲ್ಲಿ ವಿದ್ಯೆಗಳು ಅನೇಕವಾಗಿವೆ. ಅವುಗಳಲ್ಲಿ ಕೆಲವು ಗ್ರಂಥಾಭ್ಯಾಸದಿಂದ ಬರತಕ್ಕವು; ಕೆಲವು ಗುರುಮುಖದಿಂದ ಬರತಕ್ಕವು; ಮತ್ತೆ ಕೆಲವು, ಹಿರಿಯರು ಮಾಡಿಟ್ಟ ಕೆಲಸವನ್ನು ತಾಳ್ಮೆಯಿಂದ ನೋಡಿದವರಿಗೆ ಮಾತ್ರ ದೊರೆಯತಕ್ಕವು. ನೀರನ್ನು ಕಟ್ಟಿ ನಿಲ್ಲಿಸಿ ಹೊಲಗದ್ದೆಗಳಿಗೆ ಹಂಚುವ ವಿದ್ಯೆಯು ಈ ಮೂರನೆಯ ಬಗೆಗೆ ಸೇರಿದುದು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರ ಕಾಲದಿಂದಲೂ ನಮ್ಮ ನಾಡವರು ಈ ಕಾರ್ಯವನ್ನು ಪುಣ್ಯಕಾರ್ಯವೆಂದೇ ಬಗೆದಿರುವರು. ಆದುದರಿಂದ ದೂರದೇಶದಲ್ಲಿ ಹುಟ್ಟಿ, ದಕ್ಷಿಣದೇಶದ ನದಿಗಳ ದಡದಲ್ಲಿ ಶಿಷ್ಯನಂತೆ ನಿಂತು ಕಲಿತು, ಲಕ್ಷಾಂತರ ಜನರ ಅನ್ನಕ್ಕೆ ಕಾರಣರಾದ ಸರ್ ಆರ್ಥರ್ ಕಾಟನ್ ಸಾಹೇಬರ ಚರಿತ್ರೆಯನ್ನು ಭಕ್ತವಾಚಕರ ಮುಂದಿಡುವುದು ಅನುಚಿತವಾಗಲಾರದು.

ಕಾಟನ್ನರು 1803ನೆಯ ಇಸವಿಯ ಮೇ ತಿಂಗಳ 15ನೆಯ ತಾರೀಖಿನಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆಗೆ ಹನ್ನೊಂದು ಮಂದಿ ಗಂಡುಮಕ್ಕಳು, ಇವರು ಹತ್ತನೆಯವರು. ಬಾಲ್ಯದಲ್ಲಿಯೇ ಅಡಿಸ್ಕೊಂಬಿನಲ್ಲಿದ್ದ ಕುಂಪಣಿಯವರ ಸೈನಿಕ ವಿದ್ಯಾಶಾಲೆಯನ್ನು ಸೇರಿ, 1819ರಲ್ಲಿ ಮದರಾಸು ಇಂಜಿನಿಯರುಗಳ ದಳದಲ್ಲಿ ಉದ್ಯೋಗವನ್ನು ಪಡೆದು, 1821ರಲ್ಲಿ ಮದರಾಸಿಗೆ ಬಂದರು. ಬರ್ಮಾ ದೇಶದ ಮೊದಲನೆಯ ಯುದ್ಧದಲ್ಲಿ ಕೆಲಸಮಾಡಿ ಹಿಂದಿರುಗಿದ ಮೇಲೆ, 1828ರ ಸುಮಾರಿಗೆ ಕಾವೇರಿಯ ನೀರಾವರಿ ಕೆಲಸವು ಇವರ ಪಾಲಿಗೆ ಬಂದಿತು. ಅಲ್ಲಿಂದ ಮುಂದೆ ಇವರ ಆಯುಸ್ಸೆಲ್ಲವೂ ನೀರಿಗೇ ಮೀಸಲಾಯಿತು.

ಆ ಕಾಲದಲ್ಲಿ ತಂಜಾವೂರು ಸೀಮೆಗೆ ಒದಗಿದ್ದ ಆಪತ್ತು ಎಂತಹುದೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ನಮ್ಮ ಕೊಡಗಿನಲ್ಲಿ ಹುಟ್ಟಿ ಬರುವ ಕಾವೇರಿಯು ತಿರುಚಿನಾಪಳ್ಳಿಯ ಬಳಿ ಶ್ರೀರಂಗದ ದ್ವೀಪದ ತಲೆಯಲ್ಲಿ ಎರಡಾಗಿ ಒಡೆಯುವುದು. ಉತ್ತರದ ಕವಲಿಗೆ ಕೊಳ್ಳಿಡವೆಂದು ಹೆಸರು. ದಕ್ಷಿಣದ ಕವಲು ಕಾವೇರಿಯೆಂಬ ಹೆಸರನ್ನೇ ಉಳಿಸಿಕೊಂಡು ತಂಜಾವೂರಿನ ಗದ್ದೆಗಳಿಗೆ ಹೋಗುವುದು. ಕೊಳ್ಳಿಡದ ಪಾತ್ರವು ತಗ್ಗಾಗಿಯೂ ಇಳಿಜಾರಾಗಿಯೂ ಇದ್ದುದರಿಂದ ನೀರು ವರ್ಷವರ್ಷಕ್ಕೂ ಆ ಕಡೆಗೆ ಹೆಚ್ಚಾಗಿ ಹರಿಯುತ್ತ ಬಂದಿತು. ಕಾವೇರಿಯ ಪಾತ್ರವೋ ಮರಳು ತುಂಬಿ ಮೇಲೇರುತ್ತಿದ್ದಿತು. ಹೀಗೆಯೇ ಬಿಟ್ಟಿದ್ದರೆ ಕೊಳ್ಳಿಡದ ನೀರು ವೃಥಾ ಸಮುದ್ರವನ್ನು ಸೇರಿ, ಬತ್ತದ ಕಣಜವೆನಿಸಿದ್ದ ತಂಜಾವೂರು ಬೀಳುನೆಲವಾಗುತ್ತಿದ್ದಿತು. ಮರಳನ್ನು ತೆಗೆಯಿಸುವುದಕ್ಕಾಗಿ ಪ್ರತಿವರ್ಷವೂ ಹಣ ವೆಚ್ಚವಾಗುತ್ತಿದ್ದರೂ ವ್ಯಾಧಿಯ ಮೂಲವು ಹೋಗಲಿಲ್ಲ. ಕೊಳ್ಳಿಡದ ತಲೆಗೆ ಅಡ್ಡಲಾಗಿ ಅಣೆ ಕಟ್ಟಬೇಕೆಂದರೆ, ಅಸ್ತಿಭಾರಕ್ಕೆ ಬಂಡೆಯೆಂಬುದಿಲ್ಲ. ಎಷ್ಟು ಅಗೆದರೂ ಮರಳೇ.

ಈ ಸಂದೇಹಕ್ಕೆ ಪರಿಹಾರವು ಕಾಟನ್ನರಿಗೆ ತಮ್ಮ ದೇಶದ ಪುಸ್ತಕಗಳಲ್ಲಿ ದೊರೆಯಲಿಲ್ಲ. ಅದೇ ದ್ವೀಪದ ಕೆಳತುದಿಯಲ್ಲಿ, ಕಾವೇರಿಯ ನೀರು ಕೊಳ್ಳಿಡಕ್ಕೆ ಜಾರಿಹೋಗದಂತೆ ತಡೆಯುವ ಕಲ್ಲಣೆಯೊಂದಿದೆ. ಅದನ್ನು ಚೋಳದೊರೆಯಾದ ಕರಿಕಾಲನು ಕಟ್ಟಿಸಿದನೆಂದು ಪರಂಪರೆಯು ಹೇಳುವುದು. ಸಾವಿರ ವರ್ಷಗಳಿಗೂ ಹೆಚ್ಚಿನ ಪ್ರವಾಹಗಳನ್ನು ಅದು ತಡೆದುಕೊಂಡಿದ್ದಿತು. ಕಾಟನ್ನರು ಅದರ ಒಡಲನ್ನು ಪರೀಕ್ಷಿಸಿದಾಗ ಆಶ್ಚರ್ಯವು ಕಾದಿತ್ತು. ಆಳವಾದ ಅಸ್ತಿಭಾರವೇ ಅಲ್ಲಿರಲಿಲ್ಲ. ಒರಟು ಕಲ್ಲುಗಳನ್ನು ಮರಳಿನ ಮೇಲೆ ರಾಶಿಯಾಗಿ ಹಾಕಿ, ಅವು ತಾವಾಗಿಯೇ ಇಳಿದು ನೆಲೆಗೊಳ್ಳುವಂತೆ ಬಿಟ್ಟು, ಸಂದುಗಳಿಗೆ ಮಣ್ಣನ್ನು ತುಂಬಿ, ಮೇಲೆ ಮಾತ್ರ ಗಾರೆಯ ಹೊದಿಕೆಯನ್ನು ಕೊಟ್ಟಿದ್ದರು. ಇದರ ಮರ್ಮವೇನೆಂದರೆ: ಮರಳಿನ ಮೇಲಿನ ಕಟ್ಟಡಕ್ಕೆ ಆಳಕ್ಕಿಂತಲೂ ಅಗಲವು ಮುಖ್ಯ. ಕಟ್ಟಡವು ಅಗಲವಾದಷ್ಟೂ ಅದರ ಅಡಿಯಲ್ಲಿ ಒಸರುವ ನೀರಿಗೆ ದಾರಿಯು ಉದ್ದವಾಗುವುದು. ದಾರಿಯು ಉದ್ದವಾದಷ್ಟೂ ಅದರ ವೇಗವು ಕುಂದುವುದು. ವೇಗವು ಕುಂದಿದ ನೀರು ಮರಳನ್ನು ಹೊತ್ತುಕೊಂಡು ಹೋಗಲಾರದು. ಮುಂದೆ 20ನೆಯ ಶತಮಾನದ ಶಾಸ್ತ್ರಜ್ಞರು ಈ ಮಾತಿಗೆ ಲೆಕ್ಕದ ಸೂತ್ರವನ್ನು ಕಟ್ಟಿದರು. ಚೋಳರ ಕಾಲದ ಹೆಸರಿಲ್ಲದ ಶಿಲ್ಪಿಗಳು ಅದನ್ನು ಕೈಕೆಲಸದಿಂದಲೇ ಅರಿತಿದ್ದರು. ಸಡಿಲಾದ ಮರಳಿನಲ್ಲಿ ಕಟ್ಟುವ ಉಪಾಯವನ್ನು ಈ ದೇಶದ ಹಳಬರಿಂದಲೇ ಕಲಿತುದಾಗಿ ಕಾಟನ್ನರು ಮುಚ್ಚುಮರೆಯಿಲ್ಲದೆ ಬರೆದರು. ಆಳುವ ಜನರ ಅಧಿಕಾರಿಯೊಬ್ಬನು ಆಳಿಸಿಕೊಳ್ಳುವ ಜನರ ಪೂರ್ವಿಕರನ್ನು ಗುರುಗಳೆಂದು ಒಪ್ಪಿಕೊಳ್ಳುವುದು ಆ ಕಾಲದಲ್ಲಿ ಅಪರೂಪವಾಗಿದ್ದಿತು.

ಈ ಉಪದೇಶದ ಬಲದಿಂದ 1836ರಲ್ಲಿ ಮುಕ್ಕೊಂಬಿನ ಬಳಿ ಮೇಲಣೆಯೂ, ಕೊಳ್ಳಿಡದಲ್ಲಿಯೇ ಸುಮಾರು 70 ಮೈಲು ಕೆಳಗೆ ಕೀಳಣೆಯೂ ಆದುವು. ಮೇಲಣೆಯು ಕಾವೇರಿಗೆ ಅವಳ ಪಾಲನ್ನು ಮರಳಿ ಕೊಟ್ಟಿತು. ಕೀಳಣೆಯು ತಪ್ಪಿ ಹೋದ ನೀರನ್ನು ಹಿಡಿದು ವೀರಾಣದ ದೊಡ್ಡ ಕೆರೆಗೂ ಸುತ್ತಣ ಗದ್ದೆಗಳಿಗೂ ತಿರುಗಿಸಿತು. ಆದರೆ ನದಿಯು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಉತ್ತರವನ್ನು ಹೇಳದೆ ಬಿಡುವುದಿಲ್ಲ. ಕೆಲವು ವರ್ಷಗಳಲ್ಲಿಯೇ ಕಾವೇರಿಗೆ ನೀರು ಮಿತಿಮೀರಿ ಬರಲು ಮೊದಲಾಗಿ, ಪಾತ್ರವು ಕೊರೆದು ದಡಗಳಿಗೆ ಭಯವುಂಟಾಯಿತು. ಆಗ 1840ರ ದಶಕದಲ್ಲಿ ಕೊಳ್ಳಿಡದ ಅಣೆಯ ಒಂದು ಭಾಗವನ್ನು ತಗ್ಗಿಸಿ, ಕಾವೇರಿಯ ಬಾಯಿಗೂ ತಳಗಟ್ಟನ್ನು ಹಾಕಿ, ಎರಡು ಕವಲುಗಳ ನೀರನ್ನೂ ಸಮತೂಕಕ್ಕೆ ತರಬೇಕಾಯಿತು. ನೀರಿನ ಇಂಜಿನಿಯರನ ಕೆಲಸವು ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲವೆಂಬ ಎರಡನೆಯ ಪಾಠವು ಇಲ್ಲಿ ದೊರೆಯಿತು.

ಇನ್ನು ಗೋದಾವರಿಯ ಕಥೆ. ನಾಸಿಕದ ಬಳಿಯ ತ್ರ್ಯಂಬಕದಲ್ಲಿ ಹುಟ್ಟಿ ಸುಮಾರು 900 ಮೈಲು ಹರಿಯುವ ಈ ಮಹಾನದಿಯ ಮುಖಜಭೂಮಿಯು ನೀರಿನ ನಡುವೆಯೇ ಬಾಯಾರಿ ಸಾಯುತ್ತಿದ್ದಿತು. ಮಳೆಗಾಲದಲ್ಲಿ ಪ್ರವಾಹ, ಬೇಸಗೆಯಲ್ಲಿ ಬರ. 1832–33ರಲ್ಲಿ ಗುಂಟೂರು ಸೀಮೆಯಲ್ಲಿ ಪ್ರಾರಂಭವಾದ ಘೋರಕ್ಷಾಮವು ಇಲ್ಲಿಗೂ ವ್ಯಾಪಿಸಿತು. 1839ರಲ್ಲಿ ಬಿರುಗಾಳಿಯೊಡನೆ ಕಡಲೇ ಕರಾವಳಿಯ ಮೇಲೆ ಹಾಯಿತು. ರಾಜಮಹೇಂದ್ರಿ ಜಿಲ್ಲೆಯಲ್ಲಿ 1821ರಲ್ಲಿ ಸುಮಾರು 7,38,000 ಜನರಿದ್ದರು. 1841ರಲ್ಲಿ ಉಳಿದವರು ಸುಮಾರು 5,61,000. ಇಪ್ಪತ್ತು ವರ್ಷಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಜನರು ಸತ್ತೋ ಊರು ಬಿಟ್ಟೋ ಹೋಗಿದ್ದರು. ಕಾಟನ್ನರು 1844ರಲ್ಲಿ ಈ ಸೀಮೆಯನ್ನು ಸುತ್ತಿ ನೋಡಿ, ತಂಜಾವೂರಿಗೂ ಇದಕ್ಕೂ ನೆಲದಲ್ಲಿ ಭೇದವಿಲ್ಲ, ನೀರಿನ ಏರ್ಪಾಟಿನಲ್ಲಿ ಮಾತ್ರ ಭೇದವೆಂದು ಸರಕಾರಕ್ಕೆ ತೋರಿಸಿಕೊಟ್ಟರು. 1846ರಲ್ಲಿ ಅನುಮತಿ ಬಂದಿತು. 1847ರಲ್ಲಿ ಕೆಲಸವು ಮೊದಲಾಯಿತು.

ಸ್ಥಳವನ್ನು ಆರಿಸಿದುದರಲ್ಲಿಯೇ ಇವರ ಜಾಣ್ಮೆಯು ಕಾಣುತ್ತದೆ. ರಾಜಮಹೇಂದ್ರಿಗೆ ನಾಲ್ಕು ಮೈಲು ಕೆಳಗೆ ದವಳೇಶ್ವರದಲ್ಲಿ ನದಿಯು ಬಹಳ ಅಗಲವಾಗಿದೆ. ಅಗಲವಾದ ಕಡೆ ಕಟ್ಟಿದರೆ ಕಟ್ಟಡವು ಉದ್ದವಾಗುವುದು ನಿಜ. ಆದರೆ ಪ್ರವಾಹವು ಹರಡಿಕೊಂಡು ಅದರ ರಭಸವು ತಗ್ಗುವುದು. ನಡುವೆ ಇದ್ದ ನಡುಗಡ್ಡೆಗಳು ಕೆಲಸವನ್ನು ಭಾಗಮಾಡಿ ಕೊಟ್ಟವು. ಹೀಗೆ ದವಳೇಶ್ವರ, ರ್‍ಯಾಲಿ, ಮದ್ದೂರು, ವಿಜ್ಜೇಶ್ವರ ಎಂಬ ನಾಲ್ಕು ತುಂಡುಗಳಾಗಿ, ಒಟ್ಟು ಸುಮಾರು 12,000 ಅಡಿ ಉದ್ದದ, 12 ಅಡಿ ಎತ್ತರದ ಅಣೆಯು ಎದ್ದಿತು. ಇಲ್ಲಿಯೂ ಅಸ್ತಿಭಾರವು ಮರಳೇ. ಬಾವಿಗಳ ಸಾಲನ್ನು ಮರಳಿನಲ್ಲಿ ಇಳಿಸಿ, ಅವುಗಳ ಮೇಲೆ ಗೋಡೆಯನ್ನೆತ್ತಿ, ಹಿಂದೆ ಅಗಲವಾದ ಕಲ್ಲುಹಾಸನ್ನು ಹರಡಿದರು; ಮೇಲಿಂದ ಬೀಳುವ ನೀರಿನ ಪೆಟ್ಟನ್ನು ಆ ಹಾಸು ತಡೆದುಕೊಳ್ಳುವುದು. ಹೂಳು ನಿಲ್ಲದಂತೆ ಮರಳು ತೂಬುಗಳನ್ನು ಇಟ್ಟರು. ಹತ್ತಿರದ ಗುಡ್ಡಗಳಿಂದಲೇ ಕಲ್ಲನ್ನು ತೆಗೆದು ಕಂಬಿಯ ಬಂಡಿಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಿದರು.

ಇದನ್ನೆಲ್ಲ ಒಬ್ಬ ಮನುಷ್ಯನು ಮಾಡಿದನೆಂದು ಹೇಳುವುದು ಸತ್ಯವಾಗದು. ಕೇಳಿದಷ್ಟು ಮಂದಿ ಇಂಜಿನಿಯರುಗಳನ್ನು ಸರಕಾರವು ಕೊಡಲಿಲ್ಲ. ತೆಲುಗುನಾಡಿನವರೇ ಆದ ವೀಣಂ ವೀರಣ್ಣನವರು ಸಾವಿರಾರು ಕೂಲಿಕಾರರನ್ನು ಕೂಡಿಸಿ ನಡೆಸಿ, ಮುಂದೆ ಸರಕಾರದಿಂದ ಬಿರುದನ್ನು ಪಡೆದರು. ನಡುವೆ ಕಾಟನ್ನರ ಆರೋಗ್ಯವು ಕೆಟ್ಟು ರಜೆಯ ಮೇಲೆ ಹೋಗಬೇಕಾದಾಗ ಕ್ಯಾಪ್ಟನ್ ಆರ್ ಎಂಬವರು ಭಾರವನ್ನು ಹೊತ್ತರು. 1852ರಲ್ಲಿ ಅಣೆಯು ಪೂರ್ಣವಾಯಿತು. ಅದೇ ಕಾಲದಲ್ಲಿ ಹೇಗ್ ಎಂಬ ತರುಣ ಅಧಿಕಾರಿಯು ಗನ್ನವರದಲ್ಲಿ, ನದಿಯ ಒಂದು ಕವಲಿನ ಮೇಲೆ 49 ಕಮಾನುಗಳ ಮೇಲ್ಗಾಲುವೆಯನ್ನು ಕಟ್ಟಿ, ಆಚೆಯ ದ್ವೀಪಕ್ಕೆ ನೀರನ್ನು ದಾಟಿಸಿದನು. ಕಾಟನ್ನರ ಒತ್ತಾಯದಿಂದಲೇ ಕೃಷ್ಣಾನದಿಗೂ ಬೆಜವಾಡದಲ್ಲಿ ಅಣೆಯು ಮಂಜೂರಾಗಿ, ಆರ್ ಅವರ ಕೈಯಲ್ಲಿ 1855ರಲ್ಲಿ ಮುಗಿಯಿತು. ಕ್ಷಾಮಭೂಮಿಯು ಅನ್ನಭೂಮಿಯಾಯಿತು, ಕಾಲುವೆಗಳಲ್ಲಿ ನೀರಿನೊಡನೆ ದೋಣಿಗಳೂ ನಡೆದು ಧಾನ್ಯವು ಅಗ್ಗವಾಗಿ ಊರೂರಿಗೆ ಸಾಗಿತು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆಯು ಸ್ತೋತ್ರವಾದೀತು. ಕಾಟನ್ನರಿಗೆ ಸೋಲೂ ಉಂಟಾಯಿತು. ಅದು ನಮ್ಮ ತುಂಗಭದ್ರೆಯ ಮೇಲೆಯೇ ಉಂಟಾಯಿತು. ಹಂಪೆಯನ್ನು ದಾಟಿ ಪೂರ್ವಕ್ಕೆ ಹರಿಯುವ ಆ ನದಿಗೆ ಕರ್ನೂಲಿನ ಮೇಲುಗಡೆ ಸುಂಕೇಶುಲದಲ್ಲಿ ಅಣೆ ಕಟ್ಟಿ, ಕಡಪದವರೆಗೆ ಸುಮಾರು 190 ಮೈಲು ಕಾಲುವೆಯನ್ನು ಒಯ್ಯುವ ಕಾರ್ಯವನ್ನು ಅವರ ಪ್ರೇರಣೆಯಿಂದ 1860ರ ದಶಕದಲ್ಲಿ ಮದರಾಸು ಇರಿಗೇಷನ್ ಕಂಪೆನಿಯವರು ಕೈಕೊಂಡರು. ಅಂದಾಜಿಗೆ ಮೀರಿ ಹಣ ಹೋಯಿತು, ನೀರೂ ಬಂದಿತು, ಆದರೆ ಕೊಳ್ಳುವ ರೈತರು ಸಾಕಷ್ಟು ಬರಲಿಲ್ಲ. ಕಾರಣವು ಸ್ಪಷ್ಟವಾಗಿದೆ. ದಾರಿಯ ಬಹುಭಾಗವು ಎರೆಭೂಮಿ. ಎರೆಯು ತೇವವನ್ನು ತಾನೇ ಹಿಡಿದಿಟ್ಟುಕೊಂಡು ಜೋಳವನ್ನೂ ಹತ್ತಿಯನ್ನೂ ಬೆಳೆಯುವುದು. ಮಳೆ ಬಂದ ವರ್ಷ ಅಲ್ಲಿಯ ಒಕ್ಕಲಿಗನು ನೀರಿನ ತೆರಿಗೆಯನ್ನು ಏಕೆ ಕೊಟ್ಟಾನು? ಕೊನೆಗೆ 1882ರಲ್ಲಿ ಸರಕಾರವೇ ಆ ಕಾಲುವೆಯನ್ನು ಕೊಂಡುಕೊಂಡಿತು. ಕಲ್ಲಣೆಯ ಮುಂದೆ ಮೊದಲು ನೋಡಿ ಆಮೇಲೆ ನಿರ್ಧರಿಸಿದ ಕಾಟನ್ನರು, ಇಲ್ಲಿ ಒಂದು ಸೀಮೆಯ ಅನುಭವವನ್ನು ಇನ್ನೊಂದು ಸೀಮೆಗೆ ಹೊಂದಿಸಿಬಿಟ್ಟರು. ನದಿಯನ್ನು ಕೇಳಿದರು, ನೇಗಿಲನ್ನು ಹಿಡಿದವನನ್ನು ಸಾಕಷ್ಟು ಕೇಳಲಿಲ್ಲ.

ಆದರೂ ಅವರ ಮೂಲವಾದ ಮಾತು ಸುಳ್ಳಾಗಲಿಲ್ಲ. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರವು, ಎಂದರೆ 1876–78ರ ಕ್ಷಾಮವು, ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಹಾಳುಮಾಡಿದುದನ್ನು ನಮ್ಮ ಹಳ್ಳಿಗಳು ತಲೆಮಾರುಗಳವರೆಗೆ ಮರೆಯಲಿಲ್ಲ. ಅದೇ ವರ್ಷಗಳಲ್ಲಿ ಗೋದಾವರಿ, ಕೃಷ್ಣೆಗಳ ಮುಖಜಭೂಮಿಗಳು ತಾವು ಉಂಡು ಇತರರಿಗೂ ಧಾನ್ಯವನ್ನು ಕಳುಹಿಸಿದುವು. ರೈಲುದಾರಿಗೆ ಹಾಕುವ ಹಣದಲ್ಲಿ ಬಹುಭಾಗವನ್ನು ಕಾಲುವೆಗೆ ಹಾಕಬೇಕು, ರೈಲು ಇರುವ ಧಾನ್ಯವನ್ನು ಹೊರುವುದಲ್ಲದೆ ಹೊಸದಾಗಿ ಬೆಳೆಯಲಾರದು ಎಂಬುದು ಕಾಟನ್ನರ ವಾದ. 1878ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯು ಈ ವಿಷಯವನ್ನು ವಿಚಾರಿಸಿತು. 75 ವರ್ಷದ ವೃದ್ಧರಾದ ಅವರು ಅಲ್ಲಿ ಪ್ರತಿಕೂಲರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಸಮಿತಿಯು ಅವರ ಪಕ್ಷವನ್ನು ಹಿಡಿಯಲಿಲ್ಲ. ಕರ್ನೂಲಿನ ಕಾಲುವೆಯ ನಷ್ಟವು ಅವರ ವಿರೋಧಿಗಳ ಕೈಗೆ ಆಯುಧವಾಯಿತು. ಒಂದು ಕಡೆಯ ಆತುರವು ಹತ್ತು ಕಡೆಯ ಸತ್ಯಕ್ಕೆ ಹೇಗೆ ಅಡ್ಡಬರುವುದೆಂಬುದಕ್ಕೆ ಇದೇ ದೃಷ್ಟಾಂತ.

ಅವರಿಗೆ 1861ರಲ್ಲಿ ಸರ್ ಎಂಬ ಪದವಿಯು ಬಂದಿದ್ದಿತು. ವಿಶ್ರಾಂತಿಯ ಕಾಲವನ್ನು ಇಂಗ್ಲೆಂಡಿನ ಡಾರ್ಕಿಂಗ್ ಊರಿನಲ್ಲಿ ಕಳೆದರು. ಅಲ್ಲಿಯೂ ಸುಮ್ಮನಿರದೆ, ತೋಟದ ನೆಲವನ್ನು ಆಳವಾಗಿ ಅಗೆಯಿಸಿ ಗೋದಿಯನ್ನು ಬಿತ್ತಿ, ಇಳುವರಿಯು ಎಷ್ಟು ಹೆಚ್ಚುವುದೆಂದು ಪರೀಕ್ಷಿಸುತ್ತಿದ್ದರು. 1899ನೆಯ ಇಸವಿಯ ಜುಲೈ ತಿಂಗಳಿನಲ್ಲಿ, 96 ವರ್ಷಗಳ ತುಂಬು ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಗೋದಾವರಿಯ ಜನರು ಅವರನ್ನು ಅಪರ ಭಗೀರಥನೆಂದು ಕರೆಯುವರು. ನದಿಯಲ್ಲಿ ಸ್ನಾನಮಾಡುವಾಗ ಸಂಕಲ್ಪದಲ್ಲಿ ಅವರ ಹೆಸರನ್ನು ಸೇರಿಸಿ ಹೇಳುವ ವಿಪ್ರರಿದ್ದರೆಂದು ಆ ಸೀಮೆಯಲ್ಲಿ ಪ್ರತೀತಿಯಿದೆ.

ಹಳೆಯ ದವಳೇಶ್ವರದ ಅಣೆಯು ನೂರು ವರ್ಷಗಳಿಗೂ ಮೇಲೆ ದುಡಿದು, 1970ರಿಂದ 1982ರವರೆಗೆ ಕಟ್ಟಿದ ಹೊಸ ಅಣೆಗೆ ಸ್ಥಾನವನ್ನು ಬಿಟ್ಟುಕೊಟ್ಟಿತು. ಹೊಸದಕ್ಕೆ ಕಾಟನ್ನರ ಹೆಸರನ್ನೇ ಇಟ್ಟಿರುವರು. ಅದು ಸುಮಾರು 10 ಲಕ್ಷ ಎಕರೆಗೆ ನೀರನ್ನು ಕೊಡುತ್ತಿದೆ. ಮುಕ್ಕೊಂಬಿನಲ್ಲಿ 2018ನೆಯ ಆಗಸ್ಟಿನ ಪ್ರವಾಹಕ್ಕೆ ಕೊಳ್ಳಿಡದ ಮೇಲಣೆಯ ಒಂಬತ್ತು ಬಾಗಿಲುಗಳು ಕೊಚ್ಚಿಹೋಗಿ, ಹತ್ತಿರದಲ್ಲಿಯೇ ಹೊಸ ಅಣೆಯನ್ನು ಕಟ್ಟಬೇಕಾಯಿತು. ಅದರ ಕೆಳಗಿರುವ ಚೋಳರ ಕಲ್ಲಣೆಯಾದರೋ, ಕಾಲಕಾಲಕ್ಕೆ ದುರಸ್ತಿಯನ್ನು ಕಾಣುತ್ತ ಇಂದಿಗೂ ನಿಂತಿದೆ. ಆದುದರಿಂದ ಕಾಟನ್ನರನ್ನು ಸ್ಮರಿಸತಕ್ಕವರು ಅವರು ಕಟ್ಟಿದುದನ್ನು ಹೊಗಳಿದರೆ ಸಾಲದು. ತಮ್ಮ ತಮ್ಮ ಊರಿನ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು, ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಹೂಳು ಎಷ್ಟಿದೆ, ಹಿರಿಯರು ಹೀಗೇಕೆ ಕಟ್ಟಿದರು ಎಂದು ನೋಡಬೇಕು. ಕಾಟನ್ನರ ವಿದ್ಯೆಯು ಪ್ರಾರಂಭವಾದುದು ಅಂತಹ ನೋಟದಿಂದಲೇ.